ಬಲಕ್ಕೆ ವಾಲಿದ ಅಕ್ಷರ

ಮೊದಲ ಅಕ್ಷರ ದೊಡ್ಡದು, ಮಿಕ್ಕದ್ದು ಸಣ್ಣದು,
ಎಲ್ಲವೂ ಬಲಕ್ಕೆ ವಾಲಿರಬೇಕು, ಎಂದರು ಇಂದೂಧರ ಮೇಷ್ಟ್ರು,
ಗಾಳಿಗೆ ಬಾಗಿದ ಸಜ್ಜೆತೆನೆಯ ಹಾಗೆ.
ಮೂವತ್ತು ವರ್ಷ ಲಾರಿಯ ಬೆನ್ನಿಗೆ
'ತಾಯಿಯ ಆಶೀರ್ವಾದ' ಬರೆದ ಕೈ ನನ್ನದು.
ನೆಟ್ಟಗೆ ನಿಲ್ಲುವ ಅಕ್ಷರ ಬಲ್ಲೆ,
ನೆರಳು ಬಿಡುವ ಅಕ್ಷರ ಬಲ್ಲೆ.
ವಾಲುವುದು ಹೊಸತು.

ಜೋಗಿಮಟ್ಟಿ ರಸ್ತೆಯ ಹೆಣ್ಣುಮಕ್ಕಳ ಶಾಲೆ.
ಬಂಡೆಯ ಮೇಲೆ ಗಾಡಿ ಗಾಡಿ ಮಣ್ಣು ಹೊಯ್ಸಿ ಎಬ್ಬಿಸಿದ ತೋಟ.
ಮೂವತ್ತಾರು ತಗಡು.
ಅಕ್ಷರಕ್ಕಿಷ್ಟು ಅಂತಲ್ಲ, ತಗಡಿಗಿಷ್ಟು;
ತಿಳಿಯದೆ ಒಪ್ಪಿದವನು
ಕನಕಾಂಬರದಲ್ಲಿ ಸಿಕ್ಕಿಬಿದ್ದೆ:
ಕ್ರೊಸಾಂಡ್ರ ಇನ್‌ಫಂಡಿಬ್ಯುಲಿಫಾರ್ಮಿಸ್.
ತಗಡು ಮುಗಿದರೂ ಹೆಸರು ಮುಗಿಯಲಿಲ್ಲ.
'ಆಲಿಕೆಯಂಥದ್ದು, ಅಷ್ಟೇ ಅರ್ಥ' ಎಂದರು ಮೇಷ್ಟ್ರು.
ನೀರು ಬಿಡುತ್ತಿದ್ದ ತಿಪ್ಪಕ್ಕ ಒಂದು ಹೂ ಕಿತ್ತು ಕಣ್ಣಿಗೆ ಹಿಡಿದಳು.
'ಸೀಮೆಎಣ್ಣೆ ಹುಯ್ಯೋ ಆಲಿಕೆನಾ? ಹೌದಲ್ಲ ಕಣಣ್ಣ!
ಇಷ್ಟು ವರ್ಷ ಕಟ್ಟಿ ಮುಡಿದೆ,
ಇದರ ಗಂಟಲು ನೋಡಿರಲಿಲ್ಲ.'

ಸಂಜೆಮಲ್ಲಿಗೆ ಮಿರಾಬಿಲಿಸ್ ಜಲಾಪ.
ಚೆಂಡುಹೂ ಟ್ಯಾಜೆಟಿಸ್ ಇರೆಕ್ಟ.
ದಾಸವಾಳ ಚೀನಾದ ಗುಲಾಬಿಯಂತೆ;
ಗುಲಾಬಿಯೂ ಅಲ್ಲ, ಚೀನಾದ್ದೆನ್ನಲು ಪುರಾವೆಯೂ ಸಾಲದು,
ಆದರೂ ಮೊದಲು ಇಟ್ಟದ್ದೇ ಗಟ್ಟಿ.
ಕೊನೆಗೊಂದು ಒಂಟಿ 'ಎಲ್', ಪಕ್ಕದಲ್ಲಿ ಚುಕ್ಕಿ.
ನಾನು ಕೆಂಪು ಕಲಸಿದೆ.
ಡ್ರೈವಿಂಗ್ ಸ್ಕೂಲಿನ ಕಾರಿಗೆ ಎಷ್ಟು ಬರೆದಿಲ್ಲ,
ಕಲಿಯುವವನ ಎಲ್!
ಮೇಷ್ಟ್ರು ನಕ್ಕು ನಕ್ಕು ಕೆಮ್ಮಿದರು.
ಅದು ಹೆಸರಿಟ್ಟವನ ಗುರುತಯ್ಯ.
ಆಮೇಲೆ, ಸ್ವಲ್ಪ ಹೊತ್ತು ಬಿಟ್ಟು,
'ಕೆಂಪೂ ತಪ್ಪಲ್ಲ ಬಿಡು.'

ನಂದಿಬಟ್ಟಲಿನ ಹೆಸರಿನ ನಡುವೆ ಒಂದು 'ಇ' ನುಂಗಿದೆ.
ಹಸಿ ಬಣ್ಣದ ಮೇಲೇ ಬೆರಳಿಟ್ಟರು:
ಒಂದಕ್ಷರ ಹೋದರೆ ಅದು ಯಾವ ಗಿಡವೂ ಅಲ್ಲ.
ತಿಪ್ಪಕ್ಕ ಪೈಪು ಮಡಿಸಿ ಹಿಡಿದು ಕೇಳುತ್ತಿದ್ದವಳು ಹೇಳಿದಳು:
'ರೇಷನ್ ಕಾರ್ಡಿನಾಗೆ ತಿಪ್ಪಮ್ಮ,
ಓಟಿನ ಚೀಟಿನಾಗೆ ತಿಪ್ಪೀರಮ್ಮ,
ಪಿಂಚಣಿ ನಿಂತು ಏಳು ತಿಂಗಳು.
ಹಂಗಾರೆ ನಾನೂ ಯಾವ ಗಿಡವೂ ಅಲ್ಲ.'
ಯಾರೂ ನಗಲಿಲ್ಲ.
ಇಕ್ಕಟ್ಟಿನಲ್ಲೇ 'ಇ' ತುರುಕಿದೆ.

ಸುಗಂಧರಾಜಕ್ಕೆ ಪೋಲಿಯಾಂಥಸ್ ಟ್ಯುಬರೋಸ ಬರೆದು
ಒಣಗಿಸಿ ನೆಟ್ಟ ಮೂರನೇ ದಿನ
ಮೇಷ್ಟ್ರ ಸೈಕಲ್ ಬಂತು, ಬೆವರುತ್ತ.
ಹಳೇ ಪುಸ್ತಕ ನಂಬಿ ಕೆಟ್ಟೆ ಕಣಯ್ಯ,
ಅದನ್ನೀಗ ಕತ್ತಾಳೆಯ ಕುಲಕ್ಕೆ ಸೇರಿಸಿದ್ದಾರೆ.
ಅಗೇವ್ ಅಮೀಕ ಅನ್ನಬೇಕು.
ನಲವತ್ತು ವರ್ಷ ಪಾಠ ಹೇಳಿದ ಹೆಸರು;
ಜೇಬು ಕತ್ತರಿಸಿಕೊಂಡವರ ಹಾಗೆ ನಿಂತಿದ್ದರು.

ಕತ್ತಾಳೆಯೇ?
ಹೊಲದ ಬದುವಿನಲ್ಲಿ ಮುಳ್ಳು ಮಸೆದು ಕೂತ ಕತ್ತಾಳೆ,
ಕುಂಟೆಯಲ್ಲಿ ಕೊಳೆಹಾಕಿದರೆ ಊರೇ ಮೂಗು ಮುಚ್ಚುವ ಕತ್ತಾಳೆ?
ತಿಪ್ಪಕ್ಕ ಅಂಗೈ ನೋಡಿಕೊಂಡಳು.
ಹಿರೇಗುಂಟನೂರಿನಲ್ಲಿ ಹನ್ನೆರಡು ತುಂಬುವ ಮೊದಲೇ
ನಾರು ಬಡಿದು, ಹಗ್ಗ ಹೊಸೆದು
ಗೆರೆ ಅಳಿಸಿಕೊಂಡ ಕೈ ಅದು.
'ಅಮೀಕ ಅಂದ್ರೆ ಏನು ಸಾ?'
'ಗೆಳತಿ.'
ಅವಳು ಏನೂ ಅನ್ನಲಿಲ್ಲ.
ಪೈಪು ಎಳೆದುಕೊಂಡು ಮುಂದಿನ ಮಡಿಗೆ ಹೋದಳು.

ಸೀಮೆಎಣ್ಣೆ ಬಟ್ಟೆಯಿಂದ ಉಜ್ಜಿದೆ. ಎನಾಮಲ್ಲಿಗೆ ಹಠ ಜಾಸ್ತಿ.
ಬಿಳಿ ಒಂದು ಕೈ ಬಳಿದು ಮೇಲೆ ಬರೆದೆ.
ಸಂಜೆ ಬಿಸಿಲು ಓರೆಯಾಗಿ ಬಿದ್ದರೆ
ಹಳೆಯದು ಅಡಿಯಿಂದ ಉಬ್ಬಿ ಕಾಣುತ್ತದೆ,
ಅದೂ ಬಲಕ್ಕೇ ವಾಲಿ.
ಮೇಷ್ಟ್ರು ನೋಡಿದರೂ ನೋಡದ ಹಾಗಿದ್ದಾರೆ.

ಈ ಎರಡನೇ ಹೆಸರು ಲೆಕ್ಕಕ್ಕೆ ಸೇರಲಿಲ್ಲ, ನಾನು ಕೇಳಲೂ ಇಲ್ಲ.
ತಿಪ್ಪಕ್ಕ ಎರಡು ಕಡ್ಡಿ ಕೊಯ್ದು ಕೊಟ್ಟಳು.
ಖಾಲಿ ಪೇಂಟಿನ ಡಬ್ಬಿಯಲ್ಲಿ ನೀರು ಹಾಕಿ ಮನೆಗೊಯ್ದೆ.
ರಾತ್ರಿಯೆಲ್ಲ ಕೋಣೆಯಲ್ಲಿ
ಟರ್ಪೆಂಟೈನು, ಅದು.