ಬಕೆಟ್ಟಿನಿಂದ ಬಕೆಟ್ಟಿಗೆ

ಓಡುತ್ತದೆ, ನೀರೆತ್ತುವುದಿಲ್ಲ.
ಗಾಲಿ ತಿರುಗುತ್ತದೆ, ಪಿಸ್ಟನ್ ಹೋಗಿ ಬರುತ್ತದೆ,
ಕೊಳವೆಯ ಬಾಯಿ ಮಾತ್ರ
ಒಣ ಕೆಮ್ಮು ಕೆಮ್ಮಿ ಸುಮ್ಮನಾಗುತ್ತದೆ.

ಕಾರ್ನ್‌ವಾಲ್. ಮಾರ್ಚಿ. ಶೆಡ್ಡಿನ ತಗಡಿಗೆ
ಕಡಲ ಗಾಳಿ ಉಪ್ಪು ಉಜ್ಜುತ್ತಿದೆ.
ಮೇಜಿನ ಮೇಲೆ ಅಂಗೈಯಗಲದ ಹಬೆಪಂಪು,
ಚಿಕ್ಕಪ್ಪ ಪಾಸ್ಕೋ ಹಿತ್ತಾಳೆ ಕಡೆದು ಮಾಡಿದ್ದು,
ಹನ್ನೊಂದು ವರ್ಷ ಬಿಸ್ಕತ್ತಿನ ಡಬ್ಬಿಯಲ್ಲಿ ಮಲಗಿದ್ದು.

ಎದುರಿಗೆ ಡಿಗೋರಿ ನ್ಯಾನ್ಸ್. ಕಿವಿ ಮಂದ.
ತವರದ ಗಣಿಯಲ್ಲಿ ಪಂಪು ಕಾದವನು.
ನಾನು ಶಾಲೆಯ ಪ್ರಯೋಗಾಲಯದಲ್ಲಿ ಬೀಕರು ತೊಳೆದವಳು.
ಇಬ್ಬರೂ ಸೇರಿ ಒಂದು ಬಕೆಟ್ ನೀರಿನ ಮುಂದೆ
ಮೂರು ಶನಿವಾರ ಸೋತಿದ್ದೇವೆ.

ಮೊದಲು ನಾನು ಹಬೆಯನ್ನೇ ಬೈದೆ.
ಗ್ಲ್ಯಾಂಡಿನ ಹಳೆಯ ನೂಲು ಕಿತ್ತು ಹೊಸದು ಸುತ್ತಿದೆ.
ಹೀರುಕೊಳವೆಯ ಕೀಲಿಗೆ ಸೋಪಿನ ನೊರೆ ಹಚ್ಚಿದೆ,
ಒಳಗೆ ಸರಿದರೆ ಸೋರಿಕೆ ಅಲ್ಲೇ. ಸರಿಯಲಿಲ್ಲ.
'ಎಂಜಿನ್ನಿಗೆ ಯಾಕೆ ಹಿಂಸೆ?' ಡಿಗೋರಿ ಗೊಣಗಿದ,
'ಓಡುವವನ ಕಾಲು ನೋಡಬೇಡ, ಬಾಗಿಲು ನೋಡು.'

ಬಾಗಿಲೆಂದರೆ ಕವಾಟ; ಕವಾಟವೆಂದರೆ
ಮೆಣಸಿನ ಕಾಳಿಗಿಂತ ಸಣ್ಣ ಉಕ್ಕಿನ ಗುಂಡು.
ಎದ್ದು ಬಿಡಬೇಕು, ಕೂತು ತಡೆಯಬೇಕು.
ಕೆಲಸ ಅಷ್ಟೇ. ಅದೂ ಮರೆತುಹೋಗಿತ್ತು ಅದಕ್ಕೆ.
ತಿರುಪು ಬಿಚ್ಚಿ ಮಗುಚಿದೆ: ಬೀಳಲಿಲ್ಲ.
ಸೂಜಿಯಲ್ಲಿ ಮೀಟಿದೆ: ಟಪ್ಪೆಂದು ಹಾರಿ
ಮೇಜಿನ ಕೆಳಗೆಲ್ಲೋ. ಅರ್ಧ ಗಂಟೆ
ಅರವತ್ತು ದಾಟಿದ ನಾಲ್ಕು ಮೊಣಕಾಲು ನೆಲದ ಮೇಲೆ,
ಒಂದು ಅಯಸ್ಕಾಂತ, ಬರೆಯಬಾರದ ಎರಡು ಮಾತು.
ಸಿಕ್ಕಿತು. ತುಕ್ಕು ತಿಂದು ಒಂದು ಮಗ್ಗುಲು ಚಪ್ಪಟೆ.

ಅಂಚೆಯಲ್ಲಿ ಕಂಚಿನವು ಬಂದವು, ಹತ್ತು; ಬೇಕಾದ್ದು ಎರಡು.
ಒಂದನ್ನು ಬಲಿಕೊಟ್ಟೆವು: ಕುಳಿಯಲ್ಲಿ ಕೂರಿಸಿ,
ಮೇಲೆ ಕಡ್ಡಿಯಿಟ್ಟು ಸುತ್ತಿಗೆಯ ಒಂದೇ ಏಟು.
ಮುಂದೆ ಬರುವವನಿಗೆ ಹಾಸಿಗೆ ಮೈಯಳತೆಗೆ ಆಗಬೇಕಲ್ಲ.

ಕೊಳವೆಗೆ ಗುಟುಕು ನೀರು ಕುಡಿಸಿ ದೀಪ ಹೊತ್ತಿಸಿದೆ.
ಕೆಮ್ಮು. ಕೆಮ್ಮು. ಹಿಂಜರಿದ ಒಂದು ತೊಟ್ಟು.
ಆಮೇಲೆ ದಾರದಷ್ಟು ಸಪುರ ನೀರು
ಬಕೆಟ್ಟಿನಿಂದ ಎದ್ದು, ಅದೇ ಬಕೆಟ್ಟಿಗೆ.

ಚಪ್ಪಾಳೆ ತಟ್ಟಿದೆ. ಅವನಿಗೆ ಕೇಳಿಸದು.
ಎರಡು ಬೆರಳು ಕೊಳವೆಯ ಮೇಲಿಟ್ಟ,
ನಾಡಿ ನೋಡುವ ಹಾಗೆ.
'ಗಣಿ ಮುಚ್ಚಿದ ದಿನ ಸ್ವಿಚ್ಚು ಆರಿಸಿದ್ದು ನಾನೇ,' ಅಂದ,
'ಯಾರಾದರೂ ಆರಿಸಬೇಕಿತ್ತು.
ವಾರಕ್ಕೊಮ್ಮೆ ಹೋಗಿ ಬಾವಿಗೆ ಕಲ್ಲು ಹಾಕಿ ಎಣಿಸುತ್ತಿದ್ದೆ.
ಎಂಟು. ಆರು. ಮೂರು.
ಆಮೇಲೆ ಹೋಗುವುದು ಬಿಟ್ಟೆ.'

ನಿಲ್ಲಿಸಲೇ ಎಂದು ಸನ್ನೆಯಲ್ಲಿ ಕೇಳಿದೆ.
ಹಬೆಯ ತಿರುಗಣಿ ಅವನ ಕೈಯ ಬಳಿಯೇ ಇತ್ತು.
ಕೈಯನ್ನು ಕೋಟಿನ ಜೇಬಿಗಿಟ್ಟುಕೊಂಡ.

ಪಾಸ್ಕೋನ ಲೆಕ್ಕ ಪಕ್ಕಾ: ಬಾಯ್ಲರ್ ಬತ್ತುವ ಮೊದಲೇ
ದೀಪದ ಸ್ಪಿರಿಟ್ ಮುಗಿಯುತ್ತದೆ.
ಕೂತು ಕಾದೆವು.