ಹನ್ನೊಂದು ಫೋನು

ಹೋದ ಸೀಸನ್ನಿಗೆ ಎಸ್ಸೆಮ್ಮೆಸ್ ಇತ್ತು.
ಹತ್ತು ರೂಪಾಯಿ ರೀಚಾರ್ಜಿಗೆ ನನ್ನ ಅಂಗಡಿ ಮುಂದೆ
ಬೈತಖೋಲದ ಅರ್ಧ ಬಂದರು ನಿಂತಿತ್ತು.

ಈ ಸಲ ಆ್ಯಪು. ಒಂದು ಫೋನಿಗೆ ಒಂದೇ ಮತ.
ನಾಲ್ಕನೇ ವಾರ ಜೋಡಿ ಕಟ್ಟಿದರು,
ಆರನೇ ವಾರ ಜೋಡಿ ಮುರಿದರು,
ಹೊರಬಿದ್ದವನೊಬ್ಬ ವೈಲ್ಡ್ ಕಾರ್ಡಿನಲ್ಲಿ
ಹೊಸ ಕೋಟು ಹಾಕಿ ವಾಪಸು ಬಂದ.
ನಮ್ಮ ಸುಗಂಧಾ ತಾಂಡೇಲ ಮಾತ್ರ
ಬಲೆಯ ಬೆಂಡಿನ ಹಾಗೆ ಮೇಲೇ ಉಳಿದಳು.

ಜುಲೈಯ ಫೈನಲ್ಲನ್ನು ಆಗಸ್ಟಿಗೆ ದೂಡಿದರು.
ಅಷ್ಟೇ ಆದದ್ದು.
ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳೆಲ್ಲ
ದೇವಗಡದ ದೀಪದಾಚೆ, ಟವರಿನ ಕೈಗೆ ಸಿಗದಷ್ಟು ದೂರ.

ಹೊರಡುವ ಮೊದಲು ಪುರಸುವಿನ ಬೋಟಿನವರು
ಹನ್ನೊಂದು ಫೋನು ನನ್ನ ಕೌಂಟರಿಗೆ ಸುರಿದರು,
ಐಸಿನ ಚೀಟಿಯ ಬೆನ್ನಿಗೆ ಪಾಸ್‌ವರ್ಡ್ ಬರೆದು.
ಒಂಬತ್ತರಿಂದ ಹತ್ತು, ಒಂದೇ ತಾಸು.
ಉಪ್ಪು ಹತ್ತಿದ ಗಾಜು ಲುಂಗಿಯಲ್ಲಿ ಒರೆಸಿ ಒರೆಸಿ
ಹತ್ತು ಮತ ಒತ್ತಿದೆ.

ಹನ್ನೊಂದನೆಯದು ಅವಳ ಅಪ್ಪನದು.
ಚೀಟಿಯಲ್ಲಿ ಅವನ ಸಾಲು ನೀರು ತಾಗಿ ಅಳಿಸಿತ್ತು.
ಅವಳು ಹುಟ್ಟಿದ ಇಸವಿ ಹಾಕಿದೆ. ಅಲ್ಲ.
ಬೋಟಿನ ನಂಬರು. ಅಲ್ಲ.
ಮೂವತ್ತು ಸೆಕೆಂಡು ಕಾಯಿರಿ, ಅಂತು ಫೋನು.

ಟೀವಿಯಲ್ಲಿ ಅವಳು ಕಣ್ಣು ಮುಚ್ಚಿ
ಮೇಲಿನ ಸ್ವರಕ್ಕೆ ಏರುತ್ತಿದ್ದಾಗಲೇ ಹತ್ತಾಯಿತು.
ಬೀಗ ಬಿದ್ದ ಫೋನು ತಾನಾಗಿ ಬೆಳಗಿ ಕೂಗತೊಡಗಿತು:
ಅಲಾರಾಂ. ಬಲೆ ಎಳೆಯುವ ಹೊತ್ತು.

ಅದನ್ನು ನಿಲ್ಲಿಸಲು ಪಾಸ್‌ವರ್ಡ್ ಬೇಡ.
ನಾನು ನಿಲ್ಲಿಸಲಿಲ್ಲ.