ತಲೆ ಎತ್ತಿದವನು

ನಾಯಗಾಂವ್ ಮೈದಾನಕ್ಕೆ ಆಗ ಮ್ಯಾಟು ಬಂದಿರಲಿಲ್ಲ.
ಜರಡಿ ಹಿಡಿದ ಮಣ್ಣು, ಸುಣ್ಣದ ಗೆರೆ,
ಬಿದಿರಿಗೆ ಕಟ್ಟಿದ ನಾಲ್ಕು ಹ್ಯಾಲೊಜನ್.
ಫೋರ್ಟಿನ ಕ್ಯಾಂಟೀನು ಮುಚ್ಚಿ
ಕೈಯ ಸಾಂಬಾರಿನ ವಾಸನೆ ಹಾಗೇ ಇರುವಾಗ
ಹತ್ತೂವರೆಗೆ ಅಂಗಳಕ್ಕೆ ಇಳಿಯುತ್ತಿದ್ದೆವು.

ಲೀಲಾಧರ ರೈಡಿಗೆ ಹೋದರೆ
ಉಸಿರು ಉಂಡೆಯಿಂದ ನೂಲು ಬಿಚ್ಚಿದಂತೆ,
ಗಂಟಿಲ್ಲ, ತೇಪೆಯಿಲ್ಲ.
ಆ ರಾತ್ರಿ ಎಡಮೂಲೆಯವನು ಕಾಲಿಗೆ ಬಿದ್ದ,
ಇನ್ನಿಬ್ಬರು ಸೊಂಟಕ್ಕೆ.
ತಲೆ ಮೊದಲು ನೆಲ ಕಂಡಿತು.
ಕೈಯೊಂದು ಚಾಚಿ ನಡುಗೆರೆ ಮುಟ್ಟಿತ್ತು.
ಮೂರು ಪಾಯಿಂಟು. ಸೀಟಿ. ನಾವು ಕುಣಿದೆವು.

ಅವನು ಏಳಲಿಲ್ಲ.
"ಕಾಲು ಎಲ್ಲಿ ಮಾರಾಯ," ಅಂದ,
ಮದುವೆ ಮನೆಯಲ್ಲಿ ಚಪ್ಪಲಿ ಹುಡುಕುವವನ ಹಾಗೆ.

ಓಡಿದವರಲ್ಲಿ ನಾನೇ ಮೊದಲು.
ಕುತ್ತಿಗೆಯಡಿ ಕೈ ತೂರಿಸಿ
ತಲೆ ಎತ್ತಿದೆ. ತೊಡೆಯ ಮೇಲಿಟ್ಟು ನೀರು ಕುಡಿಸಿದೆ.
ಸಾಳ್ವಿ ಮಾಸ್ತರರು ಭೇಷ್ ಎಂದು ನನ್ನ ಬೆನ್ನು ತಟ್ಟಿದರು.
ಟ್ಯಾಕ್ಸಿಯಲ್ಲಿ ಕೂರಿಸಿದೆವು, ಹೌದು, ಕೂರಿಸಿದೆವು;
ಹೊಂಡಹೊಂಡಕ್ಕೂ ಅವನ ತಲೆ
ಎಲ್ಲದಕ್ಕೂ ಒಪ್ಪಿದಂತೆ ಆಡುತ್ತಿತ್ತು.

ಡಾಕ್ಟರು ಧಾರವಾಡದ ಕಡೆಯ ಹುಡುಗಿ.
ಫಿಲ್ಮನ್ನು ಬೆಳಕಿಗೆ ಹಿಡಿದು ಕೇಳಿದಳು:
"ಎತ್ತಿದವರು ಯಾರು?"
ಬೈಯಲಿಕ್ಕಲ್ಲ, ಬರೆದುಕೊಳ್ಳಲಿಕ್ಕೆ.
ಏಳು ಜನ ಗಡಿಯಾರ ನೋಡಿದೆವು.
"ಬಿದ್ದಾಗನ ಆಗಿರಬಹುದು," ಅಂದಳು ಕೊನೆಗೆ,
"ಆಮ್ಯಾಲೂ ಆಗಿರಬಹುದು."

ಲಕಾರಕ್ಕೆ ಕೊಂಬು, ಕೊಂಬಿಗೊಂದು ದೀರ್ಘ.
ರಾತ್ರಿಶಾಲೆಯಲ್ಲಿ ತಿದ್ದಿ ತಿದ್ದಿ ಕಲಿತದ್ದು.
ಆ ದೀರ್ಘದಡಿ ಹದಿನೆಂಟು ವರ್ಷದಿಂದ
ನಾನೂ ಅಂಗಾತ ಮಲಗಿದ್ದೇನೆ.

ಈಗ ಪಂದ್ಯವಿದ್ದಲ್ಲಿ ಹೋಗಿ ನಿಲ್ಲುತ್ತೇನೆ,
ಕ್ಯಾಂಟೀನಿನ ಹಳೆ ಬಾಗಿಲ ಹಲಗೆಯೊಂದಿಗೆ.
ಯಾರಾದರೂ ಬಿದ್ದು ಏಳದಿದ್ದರೆ
"ಮುಟ್ಟಬೇಡಿ!" ಎಂದು ಕೈಯಗಲಿಸಿ ನುಗ್ಗುತ್ತೇನೆ.
ಮುಟ್ಟುವುದೇ ಆಟವಾದ ಆಟದಲ್ಲಿ
ಹುಡುಗರಿಗೆ ನಗು. ಹಲಗೆ ಮಾಮ ಅನ್ನುತ್ತಾರೆ.
ಅನ್ನಲಿ. ಒಮ್ಮೆ ಮಾತ್ರ ಹಲಗೆ ಬೇಕಾಯಿತು.

ಭಾನುವಾರ ಭಾಂಡುಪಿಗೆ, ಅವನ ಗಡ್ಡ ಹೆರೆಯಲು.
ನಾನು ಹೇಳಿಲ್ಲ. ಅವನು ಕೇಳಿಲ್ಲ.
ಬ್ಲೇಡಿನ ಸದ್ದಿನ ನಡುವೆ ಒಮ್ಮೊಮ್ಮೆ
ಕಬಡ್ಡಿ ಕಬಡ್ಡಿ ಶುರುಮಾಡುತ್ತಾನೆ ಮೆಲ್ಲಗೆ,
ನಾನು ಎಣಿಸಬೇಕು. ಮೊನ್ನೆ ಹನ್ನೊಂದು.
ದವಡೆಯ ಅಡಿಗೆ ಬಂದಾಗ, ನೊರೆಯೊಳಗಿಂದ,
"ತಲೆ ಸ್ವಲ್ಪ ಎತ್ತು ಮಾರಾಯ," ಅನ್ನುತ್ತಾನೆ.

ಎರಡೂ ಕೈ ತೊಳೆದು, ಒರೆಸಿ,
ಎತ್ತುತ್ತೇನೆ.